ಚಿಕ್ಕಪ್ಪನನ್ನು ಬಚ್ಚಿಟ್ಟ ತುಮುಂಗಾವ್‌ಗಳು

ಕುದಿಯುವ ನೀರನ್ನು ಸಿಂಕಿಗೆ ಬಸಿಯುವ ಮೊದಲು ನಾನು ಇಂದಿಗೂ ‘ಸರ್ಕಳ್ರಪ್ಪಾ’ ಎನ್ನುತ್ತೇನೆ. ಯಾರಿಗೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಚಿತ್ರದುರ್ಗದಲ್ಲಿ ನಮ್ಮ ಮನೆಯ ಹಿತ್ತಿಲು ಮುಗಿಯುತ್ತಿದ್ದುದೇ ಒಂದು ಬಂಡೆಯಲ್ಲಿ. ಬಸಿದ ಗಂಜಿಯನ್ನೋ ಹಂಡೆಯಲ್ಲಿ ಉಳಿದ ಬಿಸಿನೀರನ್ನೋ ಅದರ ಬುಡಕ್ಕೆ ಚೆಲ್ಲುವಾಗ ಅಜ್ಜಿ ಹಾಗೆನ್ನುತ್ತಿದ್ದಳು.

‘ಯಾರಿಗಜ್ಜಿ ಹೇಳಿದ್ದು?’

‘ಇದ್ದೋರಿಗೆ.’

‘ಯಾರಿದಾರೆ?’

‘ಯಾರೂ ಇಲ್ದಿದ್ರೆ ನಿನ್ನ ಗಂಟೇನು ಹೋಯ್ತು?’

ರಸಾಯನಶಾಸ್ತ್ರದಲ್ಲಿ ಎರಡು ಪದವಿ ಪಡೆದ ಮೇಲೂ ಈ ವಾದವನ್ನು ಖಂಡಿಸುವುದು ನನ್ನಿಂದ ಆಗಿಲ್ಲ. ಆಗಿಲ್ಲವಾದ್ದರಿಂದ ಸುಮ್ಮನೆ ಪಾಲಿಸುತ್ತ ಬಂದಿದ್ದೇನೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಯಾರಿಗೂ ಕೇಳಿಸದು ಎಂದುಕೊಂಡಿದ್ದೆ. ಹೊಸ ಶತಮಾನ ಶುರುವಾದ ಹೊಸತರಲ್ಲಿ ಪಿಎಚ್.ಡಿ.ಗೆಂದು ಅಮೆರಿಕದ ಆಸ್ಟಿನ್‌ಗೆ ಬಂದಾಗ ನನ್ನ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡವಳು ಎಡ್ನಾ. ಭೂವಿಜ್ಞಾನದ ವಿದ್ಯಾರ್ಥಿನಿ, ಫಿಲಿಪ್ಪೀನ್ಸ್‌ನ ಉತ್ತರದ ಬೆಟ್ಟಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡುವ ಕಂಕನಾಯ್ ಎಂಬ ಜನದವಳು. ನಾನು ಮಾತು ಕಡಿಮೆಯವಳು. ಫ್ರಿಜ್ಜಿನಲ್ಲಿ ನನ್ನ ಹಾಲಿನ ಡಬ್ಬಕ್ಕೂ ಮೊಸರಿನ ಡಬ್ಬಕ್ಕೂ ಹೆಸರಿನ ಚೀಟಿ ಅಂಟಿಸಿ, ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ನನ್ನಂಥ ಒಳ್ಳೆಯ ರೂಮ್‌ಮೇಟ್ ಇನ್ನೊಬ್ಬಳಿಲ್ಲ ಎಂದು ನಂಬಿಕೊಂಡಿದ್ದೆ. ಮೊದಮೊದಲು ನಮ್ಮಿಬ್ಬರ ಸಂಭಾಷಣೆಯೆಲ್ಲ ‘ಕಸ ನಾನು ಹಾಕಿದೆ’ ಎನ್ನುವುದರಲ್ಲಿ ಮುಗಿಯುತ್ತಿತ್ತು.

ಒಂದು ಸಂಜೆ ಅನ್ನ ಬಸಿಯುತ್ತ ನನ್ನ ಮಾಮೂಲಿ ಎಚ್ಚರಿಕೆ ಕೊಟ್ಟೆ. ತಿರುಗಿದರೆ ಹಿಂದೆಯೇ ಎಡ್ನಾ ನಿಂತಿದ್ದಾಳೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ಆದದ್ದು. ಇಲ್ಲಿ ಕನ್ನಡವಾಗಿದ್ದಕ್ಕೆ ಅವಳು ಬೇಜಾರು ಮಾಡಿಕೊಳ್ಳುವವಳಲ್ಲ.

‘ಯಾರಿಗೆ ಹೇಳ್ದೆ?’

‘ಯಾರಿಗೂ ಇಲ್ಲ. ಅಭ್ಯಾಸ.’

‘ಏನಂತ ಅದರರ್ಥ?’

ನನ್ನ ಮುಖ ಅನ್ನದ ಪಾತ್ರೆಗಿಂತ ಬಿಸಿಯಾಗಿತ್ತು. ‘ಪಕ್ಕಕ್ಕೆ ಸರಿದುಕೊಳ್ಳಿ ಅಂತ.’

ಎಡ್ನಾ ಹೆಗಲಿನ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತಳು. ‘ಅಯ್ಯೋ ದೇವರೇ. ನಾನೂ ಹೇಳ್ತೀನಿ. ನೀನು ಮನೇಲಿಲ್ಲದಾಗ ಮಾತ್ರ.’

ಹೀಗೆ, ಒಂದೇ ಸಿಂಕಿನ ಮುಂದೆ ಇಬ್ಬರು ವಿಜ್ಞಾನದ ವಿದ್ಯಾರ್ಥಿನಿಯರು ಪರಸ್ಪರ ಕದ್ದುಮುಚ್ಚಿ ಅದೃಶ್ಯರಿಗೆ ಮರ್ಯಾದೆ ಕೊಡುತ್ತಿದ್ದರೆಂದು ಬಯಲಾಯಿತು. ಹಾಲಿನ ಡಬ್ಬದ ಚೀಟಿ ಆ ವಾರವೇ ಕಿತ್ತುಹಾಕಿದೆ.

ಅವಳ ಅದೃಶ್ಯರಿಗೆ ಹೆಸರಿತ್ತು: ತುಮುಂಗಾವ್. ದೊಡ್ಡ ಬಂಡೆಗಳಲ್ಲಿ, ಹಳೆಯ ಮರಗಳಲ್ಲಿ, ನೀರಿನ ಊಟೆಗಳಲ್ಲಿ ಇರುವವರು. ದೆವ್ವಗಳೇ ಎಂದು ಕೇಳಿದ್ದಕ್ಕೆ ಎಡ್ನಾಗೆ ಸ್ವಲ್ಪ ಕೋಪವೇ ಬಂತು. ಸತ್ತವರಲ್ಲ, ಕೆಟ್ಟವರೂ ಅಲ್ಲ. ನೆರೆಹೊರೆಯವರು, ಆದರೆ ಕೈತುಂಬ ಪುರುಸೊತ್ತಿರುವ ನೆರೆಹೊರೆಯವರು. ಮಚ್ಚು ಬಚ್ಚಿಡುತ್ತಾರೆ, ಒಂದು ಕಾಲಿನ ಚಪ್ಪಲಿ ಮಾತ್ರ ಬಚ್ಚಿಡುತ್ತಾರೆ. ಲಕ್ಷಣವಾಗಿರುವ ಮನುಷ್ಯರು ಕಂಡರೆ ಅವರನ್ನೇ ಬಚ್ಚಿಡುತ್ತಾರೆ. ಅವಳ ಸೋದರಮಾವನೊಬ್ಬ ಹೀಗೆ ಕಾಣೆಯಾಗಿ, ಊರೆಲ್ಲ ಹುಡುಕಿದ ಮೇಲೆ, ಎಲ್ಲರೂ ಓಡಾಡುವ ದಾರಿಯ ಬದಿಯ ಬಂಡೆಯ ಮೇಲೇ ಕೂತಿದ್ದನಂತೆ. ದೊಡ್ಡ ಮನೆಯಲ್ಲಿ ಊಟಕ್ಕೆ ಕರೆದಿದ್ದರು, ಯಾವುದಕ್ಕೂ ಉಪ್ಪಿರಲಿಲ್ಲ, ಅದಕ್ಕೇ ಎದ್ದು ಬಂದೆ ಎಂದನಂತೆ.

‘ಅಷ್ಟು ಲಕ್ಷಣವಾಗಿದ್ರಾ ನಿಮ್ಮ ಮಾವ?’

‘ಅದೇ ನಮಗ್ಯಾರಿಗೂ ಅರ್ಥ ಆಗ್ಲಿಲ್ಲ’ ಎಂದಳು ಎಡ್ನಾ.

ನನ್ನ ಕೀಗೊಂಚಲು ಕಳೆದಾಗ ನಾನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡು ಹುಡುಕುತ್ತಿದ್ದೆ. ಅವಳು ಸೋಫಾದ ಕಡೆ ತಿರುಗಿ ‘ತಮಾಷೆ ಸಾಕು, ಕ್ಲಾಸಿಗೆ ಹೊತ್ತಾಯ್ತು’ ಎಂದು ವಿನಯದಿಂದ ಹೇಳುತ್ತಿದ್ದಳು. ಕೀ ಸಿಗುತ್ತಿತ್ತು. ಯಾರ ವಿಧಾನದಿಂದ ಸಿಕ್ಕಿತೆಂಬ ಬಗ್ಗೆ ನಮ್ಮಲ್ಲಿ ಒಮ್ಮತವಿರಲಿಲ್ಲ. ಒಮ್ಮೆ ಅವಳ ತರಗತಿಯವರ ಜೊತೆ ಎನ್ಚಾಂಟೆಡ್ ರಾಕ್ ಎಂಬ ಗುಲಾಬಿ ಗ್ರಾನೈಟ್ ಗುಡ್ಡ ನೋಡಲು ನನ್ನನ್ನೂ ಕರೆದೊಯ್ದಳು. ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ನಾನು, ಎಂದೂ ಹೆಚ್ಚು ಮಾತಾಡದವಳು, ‘ನಮ್ಮೂರಲ್ಲಿ ಇಂಥವು ಬೀದಿಗೊಂದಿವೆ, ಮೇಲೆ ಏಳು ಸುತ್ತಿನ ಕೋಟೆ ಬೇರೆ’ ಎಂದುಬಿಟ್ಟೆ. ಎಡ್ನಾ ಮಾತ್ರ ಗಂಭೀರವಾಗಿ, ‘ಹಾಗಾದ್ರೆ ನಿಮ್ಮೂರಲ್ಲಿ ಜನಸಂಖ್ಯೆ ಬಹಳ’ ಎಂದಳು. ಅವಳು ಲೆಕ್ಕಕ್ಕೆ ಹಿಡಿದದ್ದು ಮನುಷ್ಯರನ್ನಲ್ಲ.

ಹಿಂದಿರುಗುವಾಗ ಕಾರು ಹತ್ತುವ ಮೊದಲು ಅವಳು ಬಂಡೆಯ ಕಡೆ ತಿರುಗಿ ತನ್ನ ಹೆಸರನ್ನೇ ತಾನು ಕೂಗಿಕೊಂಡಳು: ‘ಎಡ್ನಾ! ಎನ್ತಾಕೋ!’ ಎನ್ತಾಕೋ ಎಂದರೆ ‘ಹೊರಡೋಣ’. ಮೈ ಕಾರಿನೊಳಗೆ ಕೂತರೂ ಜೀವ ಆಟಕ್ಕೆ ನಿಂತುಬಿಡಬಹುದು, ತುಮುಂಗಾವ್‌ಗಳು ಅದನ್ನು ಇಟ್ಟುಕೊಂಡುಬಿಡಬಹುದು. ಅದಕ್ಕೇ ಹೊರಡುವಾಗ ಹೆಸರು ಹಿಡಿದು ಕರೆದುಕೊಂಡು ಬರಬೇಕು. ಮನೆಯಿಂದ ದೂರ ಬಂದವರ ಜೀವಕ್ಕಂತೂ ನಿಂತಲ್ಲೇ ನಿಲ್ಲುವ ಚಾಳಿ ಜಾಸ್ತಿ ಎಂದಳು. ಆಮೇಲೆ ನನ್ನ ಹೆಸರನ್ನೂ ಕೂಗಿದಳು: ‘ವಿನುತಾ! ಎನ್ತಾಕೋ!’ ನಾನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿದೆ. ಅಷ್ಟೇ. ನನ್ನ ಮರ್ಯಾದೆಯ ಕಲ್ಪನೆ ಆಗ ಅಷ್ಟು ಕಿರಿದಾಗಿತ್ತು.

ಈ ಕೂಗೇ ಫ್ರಿಸ್ಕೋದಲ್ಲಿ ಅನಾಹುತ ಮಾಡಿತು. ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೋದಲ್ಲಿ ನನ್ನ ಚಿಕ್ಕಪ್ಪನ ಮನೆ. ಅಲ್ಲಿ ಬೀದಿಗಳೆಲ್ಲ ಹೊಸವು, ಮರಗಳಿಗೆಲ್ಲ ಇನ್ನೂ ಊರುಗೋಲು. ಚಿಕ್ಕಪ್ಪ ಹತ್ತಿರದ ರಿಚರ್ಡ್‌ಸನ್ ಎಂಬ ಊರಿನ ಒಂದು ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್. ಚಿಕ್ಕಮ್ಮ ಧಾರವಾಡದವರು. ಮಗಳು ಅನು ಮೂರನೆಯ ಕ್ಲಾಸು; ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ವಾರಾಂತ್ಯ ಎಡ್ನಾಳನ್ನೂ ಕರೆದುಕೊಂಡು ಹೋಗಿದ್ದೆ. ಭಾನುವಾರ ಹೊರಡುವಾಗ ನಾನು ಕಾರಿನತ್ತ ಹೆಜ್ಜೆ ಹಾಕುತ್ತಿದ್ದಂತೆ ಹಿಂದಿನಿಂದ ಎಡ್ನಾ, ಇಡೀ ಬೀದಿಗೆ ಕೇಳುವಂತೆ, ‘ವಿನುತಾ!’ ಎಂದು ಕೂಗಿದಳು.

ಚಿಕ್ಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ‘ಹೊಂಟವರನ್ನ ಹಿಂದಿಂದ ಯಾರರ ಕೂಗ್ತಾರೇನ ನಮ್ಮವ್ವ! ಬಾ ಬಾ, ಒಳಗ ಬಾ. ಒಂದು ಗುಟುಕು ನೀರು ಕುಡದು ಕುಂತೆದ್ದು ಹೋಗು.’

ಹೊರಟವರನ್ನು ಹಿಂದಿನಿಂದ ಕೂಗಿದರೆ ಹೋದ ಕೆಲಸ ಕೆಡುತ್ತದೆಂದು ಚಿಕ್ಕಮ್ಮ. ಕೂಗದಿದ್ದರೆ ಹೋದವಳು ಪೂರ್ತಿ ಹೋಗುವುದೇ ಇಲ್ಲವೆಂದು ಎಡ್ನಾ. ನಾನು ನಡುವೆ ನಿಂತು ಅತ್ತಿಂದಿತ್ತ ಅನುವಾದ ಮಾಡಿದೆ. ಚಿಕ್ಕಮ್ಮ ಪೂರ್ತಿ ಕೇಳಿ, ‘ಪಾಪ, ಆಕೀದೂ ಖರೇನ ಇರಬೇಕು’ ಎಂದು ತೀರ್ಪು ಕೊಟ್ಟು, ಇಬ್ಬರಿಗೂ ನೀರು ಕುಡಿಸಿ ಕಳಿಸಿದರು.

ಅದಾಗಿ ಕೆಲವು ತಿಂಗಳಿಗೆ ಟೆಲಿಕಾಂ ಕಂಪನಿಗಳೆಲ್ಲ ಒಂದರ ಹಿಂದೊಂದು ಕುಸಿದವು. ಚಿಕ್ಕಪ್ಪನ ಕಂಪನಿಯಲ್ಲಿ ಒಂದು ಬೆಳಿಗ್ಗೆ ಅವರನ್ನು ಕೋಣೆಗೆ ಕರೆದು ವಿಷಯ ಹೇಳಿ, ಬ್ಯಾಡ್ಜ್ ತೆಗೆದುಕೊಂಡು, ಕೈಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು, ಇಬ್ಬರು ಜೊತೆಗೇ ನಡೆದು ಪಾರ್ಕಿಂಗ್ ಲಾಟ್‌ವರೆಗೆ ಬಿಟ್ಟುಬಂದರಂತೆ. ಯಾರಿಗೂ ಹೇಳಿ ಬರಲು ಬಿಡಲಿಲ್ಲ. ಮೇಜಿನ ಮೇಲೆ ಅರ್ಧ ಕುಡಿದ ಕಾಫಿ ಹಾಗೇ ಉಳಿಯಿತು.

ಕೆಲಸ ಹೋದದ್ದು ಅವರಿಗೊಬ್ಬರಿಗೇ ಅಲ್ಲ. ಆದರೆ ಚಿಕ್ಕಪ್ಪ ಬೇರೆಯವರಂತೆ ಬೈಯಲಿಲ್ಲ, ಅರ್ಜಿ ಹಾಕಲಿಲ್ಲ. ಮಾತೇ ನಿಂತಿತು. ಊಟಕ್ಕೆ ಕರೆದರೆ ಬಂದು ಉಂಡು ಹೋಗುವರು. ಉಂಡದ್ದೇನೆಂದು ಕೇಳಿದರೆ ಹೇಳಲಾರರು. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿರುವ, ನಮ್ಮ ಕಡೆಯವರೇ ಆದ ಒಬ್ಬ ಹಿರಿಯ ಡಾಕ್ಟರ್ ಅಂಕಲ್ ಬಂದು ಮಾತಾಡಿಸಿ ಮಾತ್ರೆ ಬರೆದುಕೊಟ್ಟರು, ನಿಧಾನವಾಗಿ ಸರಿಹೋಗುತ್ತೆ ಎಂದರು. ಹ್ಯೂಸ್ಟನ್ನಿನ ಕಂಪನಿಯೊಂದು ಗೆಳೆಯರ ಮೂಲಕ ಇಂಟರ್‌ವ್ಯೂಗೆ ಕರೆದಾಗ ಚಿಕ್ಕಪ್ಪ ಹೋಗಲೊಲ್ಲೆ ಎಂದರು. ಆ ದಿನ ಚಿಕ್ಕಮ್ಮನ ಫೋನ್ ಬಂತು.

‘ವಿನುತಾ, ನಿಮ್ಮ ಚಿಕ್ಕಪ್ಪ ನನಗ ಸಿಗವಲ್ರವಾ. ಎದುರಿಗೇ ಕುಂತಿರ್ತಾರ, ಸಿಗವಲ್ರು. ಕೆಲಸ ಹೋದ್ರ ಹೋತು, ಮನಶ್ಯಾ ಬೇಕಲ್ಲ ನನಗ.’ ಆಮೇಲೆ, ‘ಆ ನಿನ್ನ ಗೆಳತಿ ಏನೋ ಹೇಳಿದ್ದಳಲ್ಲ, ಜೀವ ಹಿಂದ ಉಳೀತದ ಅಂತ. ಆಕೀನ್ನ ಒಂದು ಮಾತು ಕೇಳು’ ಎಂದರು.

ಎಡ್ನಾ ಆಶ್ಚರ್ಯಪಡಲಿಲ್ಲ. ‘ಹಾಗೆ ದಬ್ಬಿ ಕಳಿಸಿದ್ರೆ ಅಲ್ಲೇ ಉಳಿಯದೆ ಏನು ಮಾಡುತ್ತೆ?’ ಎಂದಳು. ಆದರೆ ಜೀವವನ್ನು ಕರೆದು ತರುವುದು ಹಿರಿಯರ ಕೆಲಸ, ತನಗೆ ಅಷ್ಟು ಗೊತ್ತಿಲ್ಲ ಎಂದು ಹ್ಯೂಸ್ಟನ್ನಿನಲ್ಲಿ ನರ್ಸ್ ಆಗಿದ್ದ ತನ್ನ ದೊಡ್ಡಮ್ಮನಿಗೆ ಫೋನ್ ಮಾಡಿದಳು. ಬಹಳ ಹೊತ್ತು ಅವರ ಭಾಷೆಯಲ್ಲಿ ಮಾತಾಯಿತು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದಳು: ‘ಒಂದು ಕೋಳಿ ಬೇಕಂತೆ.’

ಇನ್ನೊಂದು ಫೋನಿನಲ್ಲಿ ಚಿಕ್ಕಮ್ಮ: ‘ಕೋಳಿ ಗೀಳಿ ನಮ್ಮ ಮನ್ಯಾಗ ಆಗೂದಿಲ್ಲ ಅಂತ ಹೇಳು. ಶೇಂಗಾ ಹೋಳಿಗಿ ಮಾಡ್ತೀನಿ.’

ಹ್ಯೂಸ್ಟನ್ನಿನ ದೊಡ್ಡಮ್ಮ ಯೋಚಿಸಿ, ಆ ಊರಿನ ತುಮುಂಗಾವ್‌ಗಳ ರುಚಿ ತನಗೆ ತಿಳಿಯದು, ಸಿಹಿ ಕೊಟ್ಟು ನೋಡಿ ಎಂದಳು. ಅವನು ಮೈಗೆ ಹಾಕಿಕೊಂಡ ಅಂಗಿಯೊಂದನ್ನು ತೆಗೆದುಕೊಂಡು, ಜೀವ ಉಳಿದ ಜಾಗಕ್ಕೇ ಹೋಗಿ, ಅವನ ತಾಯಿಯೋ ಹೆಂಡತಿಯೋ ಹೆಸರು ಹಿಡಿದು ಕರೆಯಬೇಕು. ಅಷ್ಟೇ.

ಭಾನುವಾರ ಮಧ್ಯಾಹ್ನ ನಾವೆಲ್ಲ ಒಂದೇ ಕಾರಿನಲ್ಲಿ ರಿಚರ್ಡ್‌ಸನ್‌ಗೆ ಹೋದೆವು. ಚಿಕ್ಕಮ್ಮನೇ ಡ್ರೈವ್ ಮಾಡಿದರು. ಎಲ್ಲಿಗೆ ಎಂದು ಚಿಕ್ಕಪ್ಪ ಕೇಳಲಿಲ್ಲ. ಆ ಕಟ್ಟಡ ಕಂಡಾಗ ಮಾತ್ರ, ‘ನಾನು ಇಳಿಯಲ್ಲ’ ಎಂದು ಕಾರಿನಲ್ಲೇ ಕೂತರು. ಖಾಲಿ ಪಾರ್ಕಿಂಗ್ ಲಾಟ್ ಬಿಸಿಲಿಗೆ ಹೆಂಚಿನಂತೆ ಕಾದಿತ್ತು. ಬಾಗಿಲ ಮುಂದೆ ಅಲಂಕಾರಕ್ಕೆಂದು ಇಟ್ಟ ದೊಡ್ಡದೊಂದು ಬಂಡೆ. ಎಡ್ನಾ ನೇರವಾಗಿ ಅದರ ಬಳಿಗೆ ಹೋಗಿ ಅಂಗೈಯಿಂದ ಸವರಿದಳು.

‘ಗ್ರಾನೈಟ್. ಡಲ್ಲಾಸಿನಲ್ಲಿ ಗ್ರಾನೈಟ್ ಎಲ್ಲಿದೆ? ಇಲ್ಲಿರೋದೆಲ್ಲ ಸುಣ್ಣದಕಲ್ಲು, ಜೇಡಿಮಣ್ಣು. ಇದನ್ನ ನಮ್ಮ ಆಸ್ಟಿನ್ ಕಡೆಯಿಂದ ಲಾರೀಲಿ ಹೊತ್ತು ತಂದಿದ್ದಾರೆ.’

‘ಅದಕ್ಕೇನೀಗ?’

‘ಅದರಲ್ಲಿದ್ದವರೂ ಬಂದಿರ್ತಾರೆ. ಪಾಪ, ಅವರಿಗೂ ಇಲ್ಲಿ ಯಾರೂ ಗೊತ್ತಿಲ್ಲ. ನಿಮ್ಮ ಚಿಕ್ಕಪ್ಪ ದಿನಾ ಇದರ ಮುಂದೇ ಓಡಾಡಿದ್ದಾರೆ. ಇಟ್ಕೊಂಡಿದ್ದಾರೆ, ಜೊತೆಗೆ.’

ಚಿಕ್ಕಮ್ಮ ಬಂಡೆಯ ಮೇಲೆ ಪೇಪರ್ ಪ್ಲೇಟಿನಲ್ಲಿ ಹೋಳಿಗೆ ಇಟ್ಟು, ತುಪ್ಪವನ್ನೂ ಹಾಕಿದರು. ಎಡ್ನಾ ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಕೇಳಿಕೊಂಡಳು. ಆಮೇಲೆ ಚಿಕ್ಕಪ್ಪನ ನೀಲಿ ಅಂಗಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಕರೆಯಿರಿ ಎಂದು ಸನ್ನೆ ಮಾಡಿದಳು.

ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡರು. ‘ಏನ್ರೀ! ಬರ್ರಿ ಮನೀಗೆ!’

ಎಡ್ನಾ ಕಾದಳು. ‘ಹೆಸರು?’

ಆಗಲೇ ನನಗೂ ಹೊಳೆದದ್ದು. ಚಿಕ್ಕಮ್ಮ ಮದುವೆಯಾದಂದಿನಿಂದ ಗಂಡನ ಹೆಸರು ಹೇಳಿದವರಲ್ಲ. ನಾನದನ್ನು ಎಡ್ನಾಗೆ ವಿವರಿಸಿದೆ.

‘ಒಂದು ಸಲವೂ? ಮತ್ತೆ ಅಂಗಡಿಯಲ್ಲಿ ಕಳೆದುಹೋದರೆ ಹೇಗೆ ಹುಡುಕ್ತಾರೆ?’

ನಾನು ಚಿಕ್ಕಮ್ಮನನ್ನು ಕೇಳಿದೆ. ‘ಕೆಮ್ಮತೀನಿ’ ಎಂದರು.

‘ಕೆಮ್ಮಿದರೆ ಇವರು ಬಿಟ್ಟುಕೊಡಲ್ಲ’ ಎಂದಳು ಎಡ್ನಾ. ‘ವಿನುತಾ, ನೀನು ಕರಿ.’

ನಾನು ಬಾಯಿ ತೆರೆದೆ, ಬಂದದ್ದು ‘ಚಿಕ್ಕಪ್ಪಾ’. ಅನು ಕರೆದರೆ ಅದು ‘ಅಪ್ಪಾ’. ಎಡ್ನಾ ನಮ್ಮ ಮೂವರನ್ನೂ ನೋಡಿದಳು. ‘ನಿಮ್ಮಲ್ಲಿ ಯಾರ ಹತ್ತಿರವೂ ಅವರ ಹೆಸರಿಲ್ವಾ? ಯಾರು ಹೆಸರು ಹಿಡಿದು ಕರೀತಿದ್ರು?’

ಅಜ್ಜಿ ಕರೆಯುತ್ತಿದ್ದಳು. ಅಜ್ಜಿ ಹೋಗಿ ಒಂದು ವರ್ಷ ಕಳೆದಿತ್ತು. ಮನುಷ್ಯನೊಬ್ಬ ಮನೆಯಲ್ಲಿ ‘ರೀ’ ಆಗಿ, ‘ಅಪ್ಪ’ ಆಗಿ, ಚಿಕ್ಕಪ್ಪನಾಗಿ ತುಂಬಿಕೊಂಡಿದ್ದರೂ ಅವನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲದೆ ಹೋಗಬಹುದೆಂದು ಅದುವರೆಗೆ ನಾನು ಯೋಚಿಸಿರಲಿಲ್ಲ.

‘ಇಟ್ಸ್ ಜಸ್ಟ್ ಹಿಸ್ ನೇಮ್, ಅಮ್ಮಾ! ಜಸ್ಟ್ ಸೇ ಇಟ್!’ ಎಂದಳು ಅನು.

‘ನೀ ಸುಮ್ಮನಿರು. ಹೇಳಿದಷ್ಟು ಸುಲಭಿಲ್ಲ ಅದು.’

ನಿಖರವಾಗಿ ಯೋಚಿಸುವವಳೆಂದು ಹೆಸರಾದ ನನಗೆ ಒಂದು ಉಪಾಯ ತೋಚಿತು. ಆಫೀಸಿನಲ್ಲಿ ಚಿಕ್ಕಪ್ಪನನ್ನು ಎಲ್ಲರೂ ಕರೆಯುತ್ತಿದ್ದುದು ‘ವಿಕ್’ ಎಂದು. ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ, ಹೇಳಿದರೆ ದೋಷವಿಲ್ಲ. ಈ ಬಂಡೆಯವರಿಗೂ ಅದೇ ಗೊತ್ತಿದ್ದೀತು. ಚಿಕ್ಕಮ್ಮನಿಗೆ ಹೋದ ಜೀವ ಬಂದಂತಾಯಿತು. ಅಂಗಿಯನ್ನು ಎತ್ತಿ ಹಿಡಿದು ಧೈರ್ಯವಾಗಿ ಕೂಗಿದರು: ‘ವಿಕ್! ಏ ವಿಕ್! ಬಾ ಮನೀಗೆ!’

ಹಿಂದೆ ಕಾರಿನ ಗಾಜು ಇಳಿಯಿತು.

‘ಅವನನ್ಯಾಕೆ ಕರೀತೀರಿ?’ ಚಿಕ್ಕಪ್ಪನ ದನಿ. ‘ಅವನು ಇಲ್ಲಿಯವನೇ. ಅವನನ್ನ ಇಲ್ಲೇ ಬಿಟ್ಟುಬನ್ನಿ!’

ವಾರಗಟ್ಟಲೆಯ ಮೇಲೆ ಅವರು ದನಿ ಎತ್ತಿ ಆಡಿದ ಮೊದಲ ಮಾತು. ನಾವೆಲ್ಲ ತಿರುಗಿ ನೋಡುತ್ತಿರುವಾಗಲೇ ಪುಟ್ಟ ಗಾಲ್ಫ್ ಗಾಡಿಯಲ್ಲಿ ಸೆಕ್ಯುರಿಟಿಯವನು ಬಂದ. ಬಿಳಿ ಮೀಸೆಯ, ದೊಡ್ಡ ಮೈಯ ಮನುಷ್ಯ. ಬಂಡೆಯ ಮೇಲಿನ ಹೋಳಿಗೆಯನ್ನೂ ಚಿಕ್ಕಮ್ಮನ ಕೈಯ ಅಂಗಿಯನ್ನೂ ನೋಡಿ, ಟೋಪಿ ಹಿಂದಕ್ಕೆ ಸರಿಸಿ, ಯಾರನ್ನಾದರೂ ಹುಡುಕುತ್ತಿದ್ದೀರಾ ಮೇಡಮ್ ಎಂದು ಕೇಳಿದ.

ಅಮೆರಿಕನ್ನರ ಜೊತೆ ಮಾತೆಲ್ಲ ಚಿಕ್ಕಪ್ಪನದೇ ಇಲಾಖೆ. ಆದರೂ ಚಿಕ್ಕಮ್ಮನೇ ಉತ್ತರಿಸಿದರು: ‘ಹಸ್ಬೆಂಡ್.’

‘ಮತ್ತೆ ಕಾರಿನಲ್ಲಿರೋರು?’

‘ಹೀ ಆಲ್ಸೋ’ ಎಂದರು ಚಿಕ್ಕಮ್ಮ.

ಅವನು ಇನ್ನೇನು ಕೇಳುವುದೆಂದು ಯೋಚಿಸುತ್ತಿದ್ದ. ಚಿಕ್ಕಮ್ಮ ಅವನಿಗೆ ಬೆನ್ನು ಹಾಕಿ ಬಂಡೆಗೆ ಎದುರಾಗಿ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅವರ ಕಿವಿಯ ತುದಿ ಕೆಂಪಾಗಿತ್ತು.

‘ವಿರೂಪಾಕ್ಷಾ…’ ಮೊದಲನೆಯದು ದನಿಯೇ ಅಲ್ಲ, ಗಾಳಿ.

ಎರಡನೆಯದು ದನಿ. ‘ವಿರೂಪಾಕ್ಷಾ!’

ಮೂರನೆಯ ಸಲ ಆ ಕಟ್ಟಡದ ಗಾಜೆಲ್ಲ ಆ ಹೆಸರನ್ನು ತಿರುಗಿ ನಮ್ಮ ಮೇಲೆಸೆಯಿತು. ‘ವಿರೂಪಾಕ್ಷಾ! ಸಾಕು ಬಾ! ಮನಿಗೆ ಹೋಗೂಣು ಬಾ!’ ಬಹುವಚನ ಎಲ್ಲೋ ಬಿದ್ದುಹೋಗಿತ್ತು. ಎಡ್ನಾ ಪಕ್ಕದಲ್ಲಿ ‘ಎನ್ತಾಕೋ! ಎನ್ತಾಕೋ!’ ಎಂದು ಸೇರಿಸಿದಳು. ಯಾವಾಗ ಶುರುಮಾಡಿದೆನೋ ತಿಳಿಯದು, ನಾನೂ ಕೂಗುತ್ತಿದ್ದೆ, ಹಿರಿಯರ ಹೆಸರು ಹಿಡಿದು, ಹಾಡಹಗಲಲ್ಲಿ, ಅಪರಿಚಿತನೊಬ್ಬನ ಎದುರಿನಲ್ಲಿ.

ಕಾರಿನ ಬಾಗಿಲು ತೆರೆದುಕೊಂಡಿತು.

‘ಓ… ಬಂದೆ’ ಎಂದರು ಚಿಕ್ಕಪ್ಪ. ಆಟ ಬಿಟ್ಟು ಬರುವ ಮಕ್ಕಳು ಹೇಳುವ ಹಾಗೆ. ಇಳಿದು ನಡೆದು ಬಂದರು. ಚಿಕ್ಕಮ್ಮನ ಮುಖವನ್ನೇ, ಇವರು ಯಾರೆಂದು ಈಗ ಗೊತ್ತಾದಂತೆ, ನೋಡುತ್ತ ನಿಂತರು. ಚಿಕ್ಕಮ್ಮ ಅಂಗಿಯನ್ನು ಅವರ ಹೆಗಲಿಗೆ ಹೊದಿಸಿದರು.

ತುಮುಂಗಾವ್‌ಗಳು ಇದ್ದಾರೆಂದು ಸಾಧಿಸಲು ನಾನಿದನ್ನು ಬರೆಯುತ್ತಿಲ್ಲ. ಡಾಕ್ಟರ್ ಅಂಕಲ್ ಕೊಟ್ಟ ಮಾತ್ರೆಗಳನ್ನು ಚಿಕ್ಕಪ್ಪ ಆಮೇಲೂ ಬಹಳ ದಿನ ನುಂಗಿದರು. ಹ್ಯೂಸ್ಟನ್ನಿನ ಇಂಟರ್‌ವ್ಯೂಗೆ ಹೋದರು. ಅದು ಸಿಗಲಿಲ್ಲ, ಬೇರೊಂದು ಸಿಕ್ಕಿತು. ಹೊಸ ಆಫೀಸಿನಲ್ಲಿ ಹೆಸರು ಕೇಳಿದವರಿಗೆ ಪೂರ್ತಿ ಹೆಸರನ್ನೇ ಹೇಳಿದರಂತೆ. ಚಿಕ್ಕಮ್ಮನ ಬಗ್ಗೆ ನನಗಿರುವ ಹೆಮ್ಮೆಗೆ ಕಾರಣ ಇದ್ಯಾವುದೂ ಅಲ್ಲ. ಅದು ನಾವಿನ್ನೂ ಆ ಪಾರ್ಕಿಂಗ್ ಲಾಟಿನಲ್ಲಿದ್ದಾಗಲೇ ನಡೆದದ್ದು.

ನಾವು ಪ್ಲೇಟು ಬಿಟ್ಟು ಹೊರಟಾಗ ಸೆಕ್ಯುರಿಟಿಯವನು ಗಾಡಿಯಿಂದ ಇಳಿದು ಬಂದು, ಹುಡುಕುತ್ತಿದ್ದವರು ಸಿಕ್ಕರಾ ಎಂದು ಕೇಳಿದ. ತಮಾಷೆಯ ದನಿಯಲ್ಲ, ನಿಜವಾಗಿ ಕೇಳಿದ.

‘ಯೆಸ್’ ಎಂದರು ಚಿಕ್ಕಮ್ಮ. ಈ ಸಲ ಯಾವ ಬಂಡೆಯೂ ಕೇಳಿರಲಿಲ್ಲ, ಯಾವ ಶಾಸ್ತ್ರಕ್ಕೂ ಬೇಕಿರಲಿಲ್ಲ. ‘ದಿಸ್ ಈಸ್ ವಿರೂಪಾಕ್ಷ. ಮೈ ಹಸ್ಬೆಂಡ್.’

‘ವೀರೂ…ಪ್ಯಾಕ್?’

ಚಿಕ್ಕಪ್ಪ ಅಭ್ಯಾಸಬಲದಿಂದ ‘ಜಸ್ಟ್ ಕಾಲ್ ಮಿ…’ ಎಂದು ಶುರುಮಾಡಿದರು. ಚಿಕ್ಕಮ್ಮ ಕೈಯೆತ್ತಿ ತಡೆದರು.

‘ನೋ. ವಿ-ರೂ-ಪಾ-ಕ್ಷ. ಸೇ.’

ಅವನು ಟೋಪಿ ತೆಗೆದು ಇನ್ನೊಮ್ಮೆ ಪ್ರಯತ್ನಿಸಿದ. ಅವರು ತಲೆಯಾಡಿಸಿ ಮತ್ತೆ ಹೇಳಿಕೊಟ್ಟರು. ಆ ಬಿಸಿಲಿನಲ್ಲಿ, ಅವನ ಬಾಯಲ್ಲಿ ಹೆಸರು ಸರಿಯಾಗಿ ಕೂರುವವರೆಗೆ ಚಿಕ್ಕಮ್ಮ ಅದನ್ನು ಹೇಳುತ್ತಲೇ ಇದ್ದರು.